ಬಿಟ್ಟು ನೋಡುವ ಪಥ್ಯ

ಗುಡೂರಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳಿಗೆ ಬಡಿಸುವ ಮೊದಲು ಇಬ್ಬರು ತಿಂದು ನೋಡಬೇಕು. ಒಬ್ಬರು ಅಡುಗೆಯವರು, ಇನ್ನೊಬ್ಬರು ಶಿಕ್ಷಕರು. ನಾನು ಅಲ್ಲಿದ್ದ ನಾಲ್ಕು ವರ್ಷವೂ ಶಿಕ್ಷಕರ ಪಾಳಿ ನನ್ನದೇ ಆಗಿತ್ತು. ಅಡುಗೆಯಾಕೆ ಜರೀನಾ ನದಾಫ. ಹನ್ನೆರಡೂವರೆಗೆ ನಾನು ಅಡುಗೆಕೋಣೆಯ ಬಾಗಿಲಿಗೆ ಬಂದರೆ ಆಕೆ ಎರಡು ತಾಟು ಹಚ್ಚಿ, "ಬರ್ರಿ ಶುಭದಾ ಬಾಯಾರ, ಮೊದಲ ನಾವಿಬ್ರ ಸಾಯೂಣು, ಆಮ್ಯಾಲ ಹುಡುಗ್ರು" ಎಂದು ನಗುತ್ತಿದ್ದಳು.

ಜರೀನಾಗೆ ಆಗ ನಲವತ್ಮೂರು. ಎತ್ತರದ ಹೆಂಗಸು, ದಪ್ಪ ದನಿ, ಇನ್ನೂರು ಮಕ್ಕಳ ಅನ್ನದ ಡಬರಿಯನ್ನು ಒಬ್ಬಳೇ ಒಲೆಯಿಂದ ಇಳಿಸುವಷ್ಟು ಕಸುವು. ಗಂಡ ನಾಸೀರ ಬಸ್‌ಸ್ಟ್ಯಾಂಡಿನ ಹತ್ತಿರ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಮನೆಮಾತು ಕನ್ನಡವೇ. ಹದಿನಾಲ್ಕು ವರ್ಷದಿಂದ ಈ ಅಡುಗೆಕೋಣೆ ಆಕೆಯದು. ಮಕ್ಕಳ ಹೆಸರು ಆಕೆಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ಬದನೆಕಾಯಿ ಒಲ್ಲದವನು, ಎರಡನೇ ಸಲ ಕೇಳಲು ನಾಚುವವಳು, ಹೀಗೆ ಊಟದ ಮೇಲೆ ಗುರುತು. ಯಾರಾದರೂ ತಾಟಿನಲ್ಲಿ ಅನ್ನ ಬಿಟ್ಟು ಎದ್ದರೆ ಸೌಟು ಕೆಳಗಿಟ್ಟು ಹಿಂದೆಯೇ ಹೋಗುತ್ತಿದ್ದಳು. "ಯಾಕವ್ವ, ಹೊಟ್ಟಿ ನೋಯ್ತೈತೇನು? ಖರೆ ಹೇಳು." ಮಗು ಇಲ್ಲವೆಂದರೂ ಎರಡು ಸಲ, ಮೂರು ಸಲ ಕೇಳುತ್ತಿದ್ದಳು. ತಾಯಿಕರುಳು ಎಂದು ನಾನು ಅಂದುಕೊಂಡಿದ್ದೆ. ಅದರೊಳಗೆ ಒಂದು ಹೆದರಿಕೆಯಿತ್ತು ಅನ್ನುವುದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು.

ಆ ವರ್ಷ ದೀಪಾವಳಿ ಸೂಟಿ ಮುಗಿದ ಮೇಲೆ ಆಕೆಗೆ ಹೊಟ್ಟೆಯ ತ್ರಾಸು ಶುರುವಾಯಿತು. ಉಂಡ ಅರ್ಧ ತಾಸಿಗೆ ಹೊಟ್ಟೆ ಉಬ್ಬುವುದು, ಎದೆ ಉರಿಯುವುದು. ಅಜವಾನದ ನೀರು, ಗ್ಯಾಸಿನ ಗುಳಿಗೆ ಎಲ್ಲ ಆಯಿತು. ಸಂಕ್ರಾಂತಿ ಕಳೆದ ಮೇಲೆ ನಾಸೀರ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ. ಅವರು ಸಾವಧಾನವಾಗಿ ಕೇಳಿ, ಯಾವುದೋ ಪದಾರ್ಥ ಒಗ್ಗುತ್ತಿಲ್ಲ ಅನಿಸುತ್ತದೆ, ಎಲಿಮಿನೇಶನ್ ಡಯಟ್ ಮಾಡಿ ನೋಡೋಣ ಎಂದರಂತೆ. ಹಾಲು, ಗೋಧಿ, ಮೊಟ್ಟೆ, ಶೇಂಗಾ, ಬೇಳೆ, ಖಾರ, ಈ ಆರನ್ನು ನಾಲ್ಕು ವಾರ ಪೂರ್ತಿ ಬಿಡಬೇಕು. ಆಮೇಲೆ ಮೂರು ದಿನಕ್ಕೊಂದರಂತೆ ತಿರುಗಿ ಶುರುಮಾಡಬೇಕು. ಯಾವುದನ್ನು ತಿಂದಾಗ ನೋವು ಬರುತ್ತದೋ ಅದೇ ಕಳ್ಳ. ತಿಂದದ್ದು, ನೋವಾದದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಜೊತೆಗೆ, ನಾಸೀರ ಹೊರಗೆ ಹೋಗಿದ್ದಾಗ, ಒಂದು ಸ್ಕ್ಯಾನಿಂಗ್ ಚೀಟಿಯನ್ನೂ ಬರೆದುಕೊಟ್ಟು, "ಬಲಗಡೆ ಪಕ್ಕೆಲುಬಿನ ಕೆಳಗ ನೋವು ಬಂದ್ರ ಕಾಯಬ್ಯಾಡ್ರಿ, ಬರ್ರಿ" ಎಂದಿದ್ದರು.

ಆ ಚೀಟಿಯ ವಿಷಯವನ್ನು ಜರೀನಾ ನಾಸೀರನಿಗೂ ನನಗೂ ಹೇಳಲಿಲ್ಲ. ಮರುದಿನ ಒಂದೇ ತಾಟು ಹಚ್ಚಿದಳು.

"ಇನ್ನ ಒಂದ ತಿಂಗಳ ನೀವೊಬ್ರ ರುಚಿ ನೋಡ್ರಿ ಬಾಯಾರ. ನನಗ ಪಥ್ಯ. ಬಿಟ್ಟು ನೋಡೂ ಪಥ್ಯ."

"ನೋಡದ ಹ್ಯಾಂಗ ಉಪ್ಪು ಹಾಕ್ತೀರಿ?"

"ಮೂಗಿಲೆ."

ಖರೆ ಹೇಳಬೇಕೆಂದರೆ ಒಂದು ದಿನವೂ ಉಪ್ಪು ಹೆಚ್ಚುಕಡಿಮೆಯಾಗಲಿಲ್ಲ.

ಮೊದಲ ವಾರ ಆಕೆಗೆ ಹಗುರಾಯಿತು. ಹೊಟ್ಟೆ ಉಬ್ಬುವುದು ನಿಂತಿತು. ಎರಡನೇ ವಾರ ಆಕೆಯ ಮುಖ ಇಳಿದು ಕೆನ್ನೆಯ ಎಲುಬು ಕಾಣತೊಡಗಿತ್ತು. ನಾನು ಒಳ್ಳೆಯ ಮಾತೆಂದುಕೊಂಡೇ ಅಂದೆ: "ತೆಳ್ಳಗ ಆಗೀರಿ ಜರೀನಾ. ಛಂದ ಕಾಣ್ಲಿಕತ್ತೀರಿ."

ಅಕ್ಕಿ ಆರಿಸುತ್ತಿದ್ದ ಆಕೆಯ ಕೈ ನಿಂತಿತು. "ಹಂಗ ಅನಬ್ಯಾಡ್ರಿ," ಎಂದಳು. "ನಮ್ಮವ್ವಗೂ ಮಂದಿ ಹಂಗ ಅಂದಿದ್ರು."

ಅದೇ ವಾರ ನೋವು ತಿರುಗಿ ಬಂತು. ಮೊದಲಿನಂತೆ ಉರಿಯಲ್ಲ. ಹಿಂಡಿದಂತೆ ಬಂದು, ಸ್ವಲ್ಪ ಹೊತ್ತು ನಿಂತು, ಬಿಟ್ಟುಹೋಗುವ ನೋವು. ಆರು ಪದಾರ್ಥ ಬಿಟ್ಟಮೇಲೂ ನೋವು ಬರುತ್ತದೆಂದರೆ ಏಳನೆಯದೊಂದು ಇದೆ ಎಂದು ಜರೀನಾ ಲೆಕ್ಕ ಹಾಕಿದಳು. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಜೋಳದ ರೊಟ್ಟಿ ಬಿಟ್ಟಳು. ನೋವು ಹೋಗಲಿಲ್ಲ. ಪಲ್ಯ ಬಿಟ್ಟಳು, ಚಹಾ ಬಿಟ್ಟಳು, ಎಣ್ಣೆ ಬಿಟ್ಟಳು. ಕೊನೆಗೆ ದಿನಕ್ಕೆರಡು ಬಟ್ಟಲು ಉಪ್ಪಿಲ್ಲದ ಅಕ್ಕಿಗಂಜಿ ಉಳಿಯಿತು. ಒಮ್ಮೆ ನೋಟ್‌ಬುಕ್ ತೋರಿಸಿದಳು. ಎಡಗಡೆ ತಿಂದದ್ದು, ಬಲಗಡೆ ನೋವು. ಪುಟ ತಿರುವಿದಂತೆ ಎಡಗಡೆ ಖಾಲಿಯಾಗುತ್ತ ಬಂದಿತ್ತು. ಕೊನೆಯ ಪುಟದ ಬಲಗಡೆ ಅಂಚಿನವರೆಗೂ ಅಕ್ಷರ ತುಂಬಿದ್ದವು.

ಇದೇ ದಿನಗಳಲ್ಲಿ ಒಮ್ಮೆ ಸಾರಿನ ರುಚಿ ಬೇರೆಯಾಯಿತು. ಕೆಟ್ಟದ್ದಲ್ಲ, ಬಹಳ ಚೆನ್ನಾಗಿತ್ತು, ಆದರೆ ಜರೀನಾಳ ಸಾರಲ್ಲ. ಆಕೆಯ ಕೈಕೆಳಗಿದ್ದ ಜಯಶ್ರೀ ನಾನು ಕೇಳುವ ಮೊದಲೇ ಅಂದಳು: "ಅಕ್ಕಾರು ಇವತ್ತ ಬೆಳ್ಳುಳ್ಳಿ ಸುಟ್ಟು, ಮುಷ್ಟಿಲೆ ಗುದ್ದಿ ಹಾಕ್ಯಾರ್ರಿ."

"ನಾ ಯಾವಾಗ ಹಾಕಿದೆ?" ಎಂದಳು ಜರೀನಾ.

"ಈಗರ ಹಾಕಿದ್ರೆಲ್ಲಾ ಅಕ್ಕಾ! ಇಕ್ಕಳದಾಗ ಹಿಡದು ಸುಟ್ರಿ. ಸಿಪ್ಪಿ ಇನ್ನೂ ಅಲ್ಲೇ ಬಿದ್ದೈತಿ."

ಜರೀನಾ ಸಿಪ್ಪೆ ನೋಡಿದಳು. ತನ್ನ ಬಲಗೈ ಮೂಸಿ ನೋಡಿದಳು. ಅಂದಿನಿಂದ ಡಬರಿಯ ಸ್ಟೀಲ್ ಮುಚ್ಚಳವನ್ನು ಯಾವಾಗಲೂ ಬೋರಲು ಹಾಕಿ ಇಡತೊಡಗಿದಳು. ಹೊಳೆಯುವ ಬದಿಯಲ್ಲಿ ತನ್ನ ಮುಖ ಆಕೆಗೆ ಕಾಣಬಾರದಿತ್ತು.

ಫೆಬ್ರವರಿ ಮೂರನೇ ವಾರದ ಒಂದು ಮಧ್ಯಾಹ್ನ, ಮಕ್ಕಳು ತರಗತಿಗೆ ಹೋದಮೇಲೆ, ರಜಿಸ್ಟರಿಗೆ ಸಹಿ ಮಾಡಲು ನಾನು ಅಡುಗೆಕೋಣೆಗೆ ಹೋದೆ. ಜಯಶ್ರೀ ಮನೆಗೆ ಹೋಗಿದ್ದಳು. ಜರೀನಾ ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತಿದ್ದಳು. ಬಿಸಿ ಮಾಡಿದ ಇಟ್ಟಂಗಿಯನ್ನು ಅರಿವೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಕಣ್ಣು ಮಾತ್ರ ಮೂಲೆಯ ಅಕ್ಕಿಚೀಲಗಳ ಮೇಲಿತ್ತು.

"ಬಾಯಾರ, ಅಲ್ಲಿ ಯಾರರ ಕುಂತಾರೇನ ನೋಡ್ರಿ."

ನೋಡಿದೆ. ನಾಲ್ಕು ಚೀಲ ಅಕ್ಕಿ, ಒಂದು ಜರಡಿ. "ಯಾರೂ ಇಲ್ಲಲ್ಲಾ."

"ಇಲ್ಲ ಅನ್ನೂದು ನನಗೂ ಗೊತ್ತೈತ್ರಿ. ಆದ್ರ ರೊಟ್ಟಿ ಕೇಳಾಕತ್ತಾಳ."

ಅವತ್ತು ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯಲು ನನ್ನಿಂದಾಗದು. ನಿಂತು ನಿಂತು ಹೇಳಿದಳು, ನಡುನಡುವೆ ನೋವು ಬಂದಾಗ ಹಲ್ಲು ಕಚ್ಚುತ್ತಿದ್ದಳು. ಸಾರಾಂಶ ಇಷ್ಟು.

ಜರೀನಾ ಹುಟ್ಟಿದ್ದು ಹುನಗುಂದದಲ್ಲಿ. ತಂದೆ ಹತ್ತಿ ಹಿಂಜಿ ಗಾದಿ ತುಂಬುವವರು, ತಾಯಿ ಕಾಸಿಂಬಿ ಗಾದಿಗೆ ಹೊಲಿಗೆ ಹಾಕುವವಳು. ಸಾರಿಗೆ ಬೆಳ್ಳುಳ್ಳಿಯನ್ನು ಸುಟ್ಟು, ಮುಷ್ಟಿಯಿಂದ ಗುದ್ದಿ ಹಾಕುತ್ತಿದ್ದವಳೂ ಅವಳೇ. ಜರೀನಾಗೆ ಒಂಬತ್ತು ವರ್ಷವಿದ್ದಾಗ ತಾಯಿಗೆ ಹೊಟ್ಟೆನೋವು ಬಂತು. ದವಾಖಾನೆಗೆ ಒಂದು ಸಲ ಹೋದರು, ಆಮೇಲೆ ನಾಟಿ ಔಷಧ ಕೊಡುವವನೊಬ್ಬನನ್ನು ನಂಬಿದರು. ಅವನು ಕಟ್ಟುನಿಟ್ಟಿನ ಪಥ್ಯ ಹೇಳಿದ. ಖಾರ ಬಂದ್, ಎಣ್ಣೆ ಬಂದ್, ಉಪ್ಪು ಬಂದ್, ರೊಟ್ಟಿ ಬಂದ್. ಒಂದೊಂದನ್ನು ಬಿಟ್ಟಂತೆ ತಾಯಿ ಸಣ್ಣಗಾಗುತ್ತ ಹೋದಳು. ಓಣಿಯ ಹೆಂಗಸರು ಮೊದಮೊದಲು, ಕಾಸಿಂಬಿ ತೆಳ್ಳಗಾಗಿ ಹುಡುಗಿಯಂತೆ ಕಾಣುತ್ತಾಳೆ ಎಂದು ನಕ್ಕರು. ತಾಯಿ ಬಿಟ್ಟ ರೊಟ್ಟಿ, ತಾಯಿ ಬಿಟ್ಟ ಬೇಳೆ ಮಗಳ ತಾಟಿಗೆ ಬರುತ್ತಿತ್ತು. ಆಕೆ ಖುಷಿಯಿಂದ ಉಣ್ಣುತ್ತಿದ್ದಳು.

ಕೊನೆಗೆ ತಾಯಿ ಹಾಸಿಗೆ ಹಿಡಿದಾಗ ಹತ್ತಿರ ಕೂರಲು ಯಾರಿಗೂ ಬಿಡುವಿರಲಿಲ್ಲ, ಜರೀನಾಳನ್ನೇ ಕೂರಿಸಿದರು. "ನಿಮ್ಮವ್ವ ಏನ ಕೇಳಿದ್ರೂ ಕೊಡಬ್ಯಾಡ. ಕೊಟ್ಟಿ ಅಂದ್ರ ಸಾಯ್ತಾಳ," ಎಂದು ಹೇಳಿದ್ದರು.

"ಒಂದಿನ ಮಧ್ಯಾಹ್ನ ಕೇಳಿದ್ಲು ಬಾಯಾರ. ಒಂದ ತುಣುಕು ರೊಟ್ಟಿ ಕೊಡವ್ವ, ಮ್ಯಾಲೊಂದೀಟ ಉಪ್ಪು, ಅಂದ್ಲು. ನಾ ಒಲ್ಲೆ ಅಂದೆ. ಮತ್ತ ಕೇಳಿದ್ಲು. ಮೂರನೇ ಸಲ ಕೇಳಿದಾಗ ನನಗೂ ಹಸಿವಿ ಆಗಿತ್ತು. ಬುಟ್ಟ್ಯಾಗಿಂದ ಒಂದ ಕಟಿರೊಟ್ಟಿ ತಗೊಂಡು, ಆಕಿಗೆ ಕಾಣಬಾರದಂತ ಗ್ವಾಡಿ ಕಡೆ ಮುಖ ಮಾಡಿ ತಿಂದೆ. ಕಟಿರೊಟ್ಟಿ, ಸಪ್ಪಳ ಆಗೂದಲ್ಲೇನ್ರಿ? ಕೇಳಿಸ್ತು ಆಕಿಗೆ. ಸಿಟ್ಟಾಗಲಿಲ್ಲ. ತಿನ್ನು ತಿನ್ನು, ಉಪ್ಪು ಹಚ್ಚಿಕೊಂಡೀ ಇಲ್ಲೋ, ಅಂದ್ಲು."

ಮರುದಿನ ಬೆಳಿಗ್ಗೆ ಕಾಸಿಂಬಿ ಹೋದಳು.

"ಈಗ ನಾ ರೊಟ್ಟಿ ಬಿಟ್ಟು ಹನ್ನೊಂದ ದಿನ ಆತು. ಈ ಆಸಿ ಐತೆಲ್ಲಾ, ಇದು ನನ್ನದಲ್ಲ. ಆಕಿ ನನ್ನ ಹೊಟ್ಟ್ಯಾಗ ಕುಂತು ಕೇಳಾಕತ್ತಾಳ. ನಾ ಮತ್ತ ಒಲ್ಲೆ ಅನ್ನಾಕತ್ತೇನಿ."

"ಒಂದು ರೊಟ್ಟಿ ತಿಂದುಬಿಡ್ರಿ ಜರೀನಾ. ಅಷ್ಟ ಅದ ಅದು."

"ಕೊಟ್ರ ಸಾಯ್ತಾಳಂತ ಹೇಳ್ಯಾರ್ರಿ."

ಮೂವತ್ನಾಲ್ಕು ವರ್ಷದ ಹಿಂದೆ ಸತ್ತವಳ ಬಗ್ಗೆ ಆಕೆ ಹಾಗೆ ಅಂದಳು. ಆಮೇಲೆ ಆ ಮೂಲೆಯತ್ತ ನಾನೂ ನೋಡಲಿಲ್ಲ.

ಶಾಲೆ ಬಿಟ್ಟಮೇಲೆ ನೇರ ನಾಸೀರನ ಅಂಗಡಿಗೆ ಹೋದೆ. ಅವನು ತಾಮ್ರದ ತಂತಿ ಕೆಳಗಿಟ್ಟು ಎದ್ದುನಿಂತ. "ನಾ ಹೇಳಿ ಹೇಳಿ ಸಾಕಾಗೇತ್ರಿ ಬಾಯಾರ. ಮನ್ಯಾಗಿನ ಕನ್ನಡಿಗೆ ಟಾವೆಲ್ ಹಾಕ್ಯಾಳ. ನಿನ್ನೆ ರೇಷನ್ ಕಾರ್ಡ್ ಹುಡುಕಾಕ ಹೋದ್ರ ಇದು ಸಿಕ್ತು." ಮಡಚಿದ ಸ್ಕ್ಯಾನಿಂಗ್ ಚೀಟಿ. ತಿಂಗಳ ಹಿಂದಿನದು. ಯಾಕೆ ಮುಚ್ಚಿಟ್ಟಳೆಂದು ಅವನಿಗೆ ತಿಳಿದಿರಲಿಲ್ಲ. ನನಗೆ ಸ್ವಲ್ಪ ತಿಳಿಯಿತು ಅನಿಸಿತು. ಕನ್ನಡಿಯಲ್ಲಿ ತಾಯಿಯ ಮುಖ ಕಂಡಂತೆ ಆ ಯಂತ್ರದಲ್ಲಿ ಯಾರ ಹೊಟ್ಟೆ ಕಾಣುತ್ತದೋ ಎಂಬ ಹೆದರಿಕೆ ಅದು. ಬರುವ ಸೋಮವಾರ ಎತ್ತಿ ಹಾಕಿಕೊಂಡಾದರೂ ಬಾಗಲಕೋಟೆಗೆ ಒಯ್ಯುವುದೆಂದು ಇಬ್ಬರೂ ಮಾತಾಡಿಕೊಂಡೆವು.

ಸೋಮವಾರದವರೆಗೆ ಕಾಯಬೇಕಾಗಲಿಲ್ಲ. ಶುಕ್ರವಾರ ಮಕ್ಕಳು ಸಾಲಾಗಿ ಕೂತಿದ್ದರು. ಮೂರನೇ ಸಾಲಿಗೆ ಅನ್ನ ಬಡಿಸುತ್ತಿದ್ದ ಜರೀನಾ ಬಲಪಕ್ಕೆ ಹಿಡಿದುಕೊಂಡು ಅಲ್ಲೇ ಮೊಣಕಾಲೂರಿದಳು. ನೋವು ಪಕ್ಕೆಲುಬಿನ ಕೆಳಗಿನಿಂದ ಬೆನ್ನಿಗೆ, ಹೆಗಲಿಗೆ ಏರಿತ್ತು. ಹಸಿರು ನೀರು ವಾಂತಿಯಾಯಿತು. ಮಕ್ಕಳು ಎದ್ದು ಅಳತೊಡಗಿದರು. ಆ ಸ್ಥಿತಿಯಲ್ಲೂ ಆಕೆ, "ಕುಂದರ್ರಿ, ಉಣ್ರಿ, ನನಗೇನೂ ಆಗಿಲ್ಲ" ಎನ್ನುತ್ತಿದ್ದಳು. ಹೆಡ್‌ಮಾಸ್ತರರ ಕಾರಿನಲ್ಲಿ ನಾನು, ನಾಸೀರ ಆಕೆಯನ್ನು ಮಲಗಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ತೂಕವೇ ಇರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಕಲ್ಲು ಕಂಡವು. ಒಂದು ಅದರ ಬಾಯಿಗೇ ಬಂದು ಸಿಕ್ಕಿಕೊಂಡಿತ್ತು. ಡಾಕ್ಟರು ನೋಟ್‌ಬುಕ್ಕಿನ ಪುಟಗಳನ್ನು ತಿರುವಿ ತಲೆ ಹಿಡಿದುಕೊಂಡರು.

"ನಾ ಆರು ಪದಾರ್ಥ ಬಿಡ್ರಿ ಅಂದಿದ್ದೆ. ನೀವು ಊಟಾನ ಬಿಟ್ಟೀರಿ. ಕಲ್ಲು ಮೊದಲಿಂದ ಇದ್ದಿರಬೇಕು. ಹಿಂಗ ಉಪವಾಸ ಬಿದ್ದು ಒಮ್ಮೆಲೆ ತೂಕ ಇಳಿಸಿದ್ರ ಅವು ಹೆಚ್ಚಾಗ್ತಾವ, ತ್ರಾಸು ಕೊಡ್ತಾವ. ನೋವು ಬಂದ ದಿನಾನ ಬರಬೇಕಿತ್ತು."

ಇಂಜೆಕ್ಷನ್ ಹಿಡಿದು ನೋವು ಸ್ವಲ್ಪ ಇಳಿದಿತ್ತು. ಜರೀನಾ ಮೆಲ್ಲಗೆ ಕೇಳಿದಳು: "ಸಾಹೇಬ್ರ, ನಮ್ಮವ್ವಗೂ ಇದ ಆಗಿತ್ತೇನ್ರಿ?"

ನಾಸೀರ ನಡುವೆ ಬಾಯಿ ಹಾಕಲು ಹೋದ. ಡಾಕ್ಟರು ತಡೆದು, ಏನಾಗಿತ್ತೆಂದು ಕೇಳಿಕೊಂಡರು. "ಇಷ್ಟು ವರ್ಷದ ಮ್ಯಾಲೆ ನೋಡಲಾರದ ಹೆಂಗ ಹೇಳಲಿ? ಇರಬಹುದು. ಕಣ್ಣು ಹಳದಿ ಆಗಿದ್ವೇನು?"

ಆಕೆಗೆ ನೆನಪಿರಲಿಲ್ಲ. ಮತ್ತೆ ಕೇಳಿದಳು. "ಒಂದ ತುಣುಕು ರೊಟ್ಟಿ ತಿಂದಿದ್ರ ಸಾಯ್ತಿದ್ಲೇನ್ರಿ?"

"ಇಲ್ರೀ. ಒಂದು ತುಣುಕು ರೊಟ್ಟಿ ತಿಂದು ಯಾರೂ ಸಾಯಂಗಿಲ್ಲ."

ಅವರು ಸಮಾಧಾನಕ್ಕೆ ಅಂದ ಮಾತು. ಜರೀನಾ ಗೋಡೆಯ ಕಡೆ ಹೊರಳಿದಳು. ಅಂದರೆ ಕೊಡಬಹುದಾಗಿತ್ತು. ಇಷ್ಟು ವರ್ಷ ಆಕೆ ತನಗೆ ತಾನೇ ಹೇಳಿಕೊಂಡು ಬಂದಿದ್ದ ಒಂದೇ ಒಂದು ಸಮಾಧಾನವೂ ಆ ಕೋಣೆಯಲ್ಲಿ ಹೋಯಿತು.

ಎರಡು ದಿನದ ಮೇಲೆ ಆಪರೇಶನ್ ಆಯಿತು. ಪಿತ್ತಕೋಶ ತೆಗೆದರು. ಗಾಯ ಬೇಗ ಮಾಯಿತು, ನೋವು ಹೋಯಿತು. ಡಾಕ್ಟರು ಬರೆದುಕೊಟ್ಟ ಪ್ರಕಾರ ನಾಸೀರನೇ ಎದುರಿಗೆ ಕೂತು ಒಂದೊಂದೇ ಪದಾರ್ಥ ಉಣಿಸಿದ. ಬೇಳೆ ಒಗ್ಗಿತು, ಮೊಟ್ಟೆ ಒಗ್ಗಿತು, ಗೋಧಿ, ಶೇಂಗಾ, ಖಾರ ಒಗ್ಗಿದವು. ಹಾಲು ಕುಡಿದಾಗ ಮಾತ್ರ ಮೊದಲಿನ ಹಾಗೆ ಹೊಟ್ಟೆ ಉಬ್ಬಿತು. ಡಾಕ್ಟರು ಹುಡುಕುತ್ತಿದ್ದ ಕಳ್ಳ ಅದೇ. ಇಷ್ಟೆಲ್ಲ ಆಗಿದ್ದು ಒಂದು ಲೋಟ ಹಾಲಿನ ಸಲುವಾಗಿ ಎಂದು ನಾಸೀರ ನಕ್ಕ. ಆಕೆ ನಗಲಿಲ್ಲ.

ಏಪ್ರಿಲ್ ಸೂಟಿಯಲ್ಲಿ ಆಕೆ ನನ್ನ ಮನೆಗೆ ಬಂದಳು. "ಇಲಕಲ್ಲಿಗೆ ಹೋಗಬೇಕ್ರಿ, ನಮ್ಮ ದೊಡ್ಡವ್ವನ ಕಡೆ. ನೀವು ಬರ್ತೀರೇನು? ನಾಸೀರನ ಕರದ್ರ ಮತ್ತ ಡಾಕ್ಟರ ಕಡೆ ಕರಕೊಂಡು ಹೋಗ್ತಾರ."

ದೊಡ್ಡವ್ವ ಬಾನುಬಿ ಕಾಸಿಂಬಿಯ ಅಕ್ಕ. ಎಂಬತ್ತರ ಹತ್ತಿರ. ಮಗ್ಗದ ಸಪ್ಪಳ ಕೇಳುವ ಒಂದು ಓಣಿಯಲ್ಲಿ ಮೊಮ್ಮಗನ ಮನೆಯಲ್ಲಿದ್ದಳು. ಕಿವಿ ಚುರುಕಾಗಿತ್ತು, ಬಾಯಲ್ಲಿ ಹಲ್ಲಿರಲಿಲ್ಲ. ನಾವು ಹೋದಾಗ ಗಂಗಾಳದಲ್ಲಿ ನೀರಿಗೆ ಹಾಕಿ ನೆನಸಿದ ರೊಟ್ಟಿ ತಿನ್ನುತ್ತಿದ್ದಳು.

"ದೊಡ್ಡವ್ವ, ಅವ್ವನ ಕಣ್ಣು ಹಳದಿ ಆಗಿದ್ವೇನ?"

"ಕಣ್ಣಷ್ಟ ಅಲ್ಲ ಯವ್ವ, ಉಗುರು ಸುದ್ದಾ. ಕಾಮಣಿ ಆಗಿತ್ತು. ಯಾಕ ಕೇಳ್ತಿ ಈಗ?"

ಜರೀನಾ ಎಲ್ಲ ಹೇಳಿದಳು. ಕಲ್ಲು, ಆಪರೇಶನ್, ಪಥ್ಯ. ಆಮೇಲೆ ಆ ರೊಟ್ಟಿ. ಮುದುಕಿ ಗಂಗಾಳ ಪಕ್ಕಕ್ಕೆ ಸರಿಸಿದಳು.

"ಆವತ್ತ ನಾ ಒಳಗಿದ್ನಿ," ಎಂದಳು. "ಆಕಿ ಕೇಳಿದ್ದು ನನಗೂ ಕೇಳಿಸ್ತು. ಮೂರು ಸಲಾನೂ. ನೀ ಒಂಬತ್ತ ವರ್ಷದ ಕೂಸು, ನಾ ದೊಡ್ಡಾಕಿ ಇದ್ನಿ. ಎದ್ದು ಕೊಡಬಹುದಿತ್ತು. ಒಲ್ಲೆ ಅನ್ನೂ ಪಾಪ ಕೂಸಿನ ಮ್ಯಾಲ ಹೋಗಲಿ ಅಂತ ಸುಮ್ಮನ ಕುಂತೆ."

ಜರೀನಾ ಆಕೆಯನ್ನೇ ನೋಡುತ್ತಿದ್ದಳು.

"ನನಗೂ ಬರ್ತಾಳವಾ ಆಕಿ. ರೊಟ್ಟಿ ಮುರದ ಸಪ್ಪಳಕ್ಕ ಬರ್ತಾಳ. ಹಲ್ಲು ಈಗ ಹೋದ್ವು. ನಾ ರೊಟ್ಟಿ ನೆನಸಿ ತಿನ್ನಾಕ ಹತ್ತಿ ಮೂವತ್ತ ವರ್ಷ ಆತು."

ಮಗ್ಗದ ಸಪ್ಪಳ ನಿಂತು ಮತ್ತೆ ಶುರುವಾಯಿತು. ಜರೀನಾ ಅಳಲಿಲ್ಲ, ಬೈಯಲೂ ಇಲ್ಲ. ಸರಿದು ಹೋಗಿ ಮುದುಕಿಯ ಮಗ್ಗುಲಲ್ಲಿ ಕೂತಳು. ಇಬ್ಬರೂ ಒಂದೇ ಗೋಡೆಗೆ ಆನಿಕೊಂಡು, ಎದುರಿಗೆ ಯಾರೋ ಕೂತಿದ್ದಾರೇನೋ ಅನ್ನುವ ಹಾಗೆ ನೋಡುತ್ತಿದ್ದರು. ಅವರ ಎದುರಿಗೆ ಕೂತಿದ್ದವಳು ನಾನು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸಿತು.

ಆ ಬೇಸಿಗೆಯಲ್ಲೇ ನನಗೆ ಬಾದಾಮಿಗೆ ವರ್ಗವಾಯಿತು. ಜೂನ್‌ನಲ್ಲಿ ಜರೀನಾ ತಿರುಗಿ ಅಡುಗೆಕೋಣೆಗೆ ಬಂದಳೆಂದು, ಎರಡು ತಾಟು ಹಚ್ಚುತ್ತಾಳೆಂದು ಜಯಶ್ರೀ ಫೋನಿನಲ್ಲಿ ಹೇಳುತ್ತಿದ್ದಳು. ಜರೀನಾಳೇ ಫೋನ್ ಮಾಡಿದ್ದು ಮುಂದಿನ ಜನವರಿಯಲ್ಲಿ.

"ದೊಡ್ಡವ್ವ ಹೋದ್ಲು ಬಾಯಾರ. ಕೊನೀ ಇಪ್ಪತ್ತ ದಿನ ನಾ ಅಲ್ಲೇ ಇದ್ನಿ. ಸಾಲಿಗೆ ರಜಾ ಹಾಕಿ ಹೋಗಿದ್ನಿ."

"ತ್ರಾಸು ಆತೇನು?"

"ಇಲ್ಲ. ವಯಸ್ಸಾಗಿತ್ತು. ಮಂದಿ ಅದ ಕೊಡಬ್ಯಾಡ, ಇದ ಕೊಡಬ್ಯಾಡ ಅಂತಿದ್ರು. ನಾ ಯಾರ ಮಾತೂ ಕೇಳಲಿಲ್ಲ. ಚಹಾ ಕೇಳಿದ್ಲು, ಕೊಟ್ಟೆ. ಖಾರಬ್ಯಾಳಿ ಕೇಳಿದ್ಲು, ಕೊಟ್ಟೆ. ಕೇಳಿದ್ದೆಲ್ಲಾ ಕೊಟ್ಟೆ. ಹೋಗೂ ಮೊದಲಿನ ದಿನ ಮಾವಿನಹಣ್ಣು ಬೇಕಂದ್ಲು. ಡಿಸೆಂಬರದಾಗ ಎಲ್ಲಿಂದ ತರೂದ್ರಿ? ನಾಸೀರ ಗಾಡಿ ತಗೊಂಡು ಬಾಗಲಕೋಟಿ ತನಕ ತಿರುಗ್ಯಾಡಿ, ಒಂದ ಬಾಟಲಿ ಮಾವಿನ ಜೂಸು ತಂದ್ರು. ಚಮಚಾದಿಂದ ಹಾಕಿದೆ. ಒಂದ ಗುಟುಕು ನುಂಗಿ, ಇದಲ್ಲ, ಅಂದ್ಲು."

ಆಕೆಯ ಹಿಂದೆ ಮಕ್ಕಳ ಗದ್ದಲ, ತಾಟುಗಳ ಸಪ್ಪಳ ಕೇಳಿಸಿತು.

"ಎರಡ ಸಲ ಅಂದ್ಲು ಬಾಯಾರ. ಇದಲ್ಲ, ಇದಲ್ಲ," ಎಂದಳು ಜರೀನಾ. "ಇಡ್ತೇನ್ರಿ. ಹುಡುಗ್ರು ಬಂದ್ರು."